ಮೀನಿಗೆ ಕುಬಸ ಮಾಡಿದ ಗೌರವ್ವ

ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಎಳೆದು, ಪೂಜೆ ಮುಗಿಸಿ, ಅಲ್ಲಿಂದ ನೇರವಾಗಿ ಗಂಡು ಮೀನಿನ ಹೊಟ್ಟೆ ಹಿಂಡಲು ಹೋಗುತ್ತಿದ್ದ ಹೆಂಗಸು ನಮ್ಮ ಬನಹಟ್ಟಿಯಲ್ಲಿ ಒಬ್ಬರೇ ಇದ್ದರು. ಹಿಂಡಿದಾಗ ಬಂದ ಬಿಳಿಯ ದ್ರವವನ್ನು ಅಂಗೈ ಮೇಲೆ ಹಿಡಿದು, ಎದುರಿಗೆ ಯಾರೇ ನಿಂತಿರಲಿ, ಅವರ ಮುಖದ ಹತ್ತಿರ ತಂದು, "ನೋಡ್ರಿ, ಕೆನಿ ಹಾಲ ಇದ್ದಂಗ ಐತಿ. ಇಂವ ಆಗತಾನ" ಎನ್ನುತ್ತಿದ್ದರು. ದ್ರವ ತೆಳ್ಳಗೆ ನೀರಿನಂತಿದ್ದರೆ ಆ ಮೀನನ್ನು ಮತ್ತೆ ಹೊಂಡಕ್ಕೆ ಬಿಟ್ಟು, "ಮೈ ಅಷ್ಟ ದೊಡ್ಡದು" ಎಂದು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದರು.

ಮೊದಲ ಸಲ ಆ ಅಂಗೈ ನನ್ನ ಮುಂದೆ ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು ನಾನು. ಸೀಟಿ ಊದಿದರೆ ಸಾಲು ನೇರವಾಗಬೇಕು, ಹೇಳಬಾರದ ಮಾತು ಬಾಯಿಗೆ ಬರಬಾರದು ಎಂಬ ಶಿಸ್ತಿನಲ್ಲಿ ಬೆಳೆದವನು. ನಿವೃತ್ತಿಯಾದ ಮೇಲೂ ಬೆಳಗಾಗುವ ಮೊದಲೇ ಎದ್ದು, ರಬಕವಿಯ ಕಡೆಗೆ ಹೊಳೆಯ ದಂಡೆಯ ತನಕ ನಡೆದು ಬರುವುದು ನನ್ನ ರೂಢಿ. ಆ ದಾರಿಯಲ್ಲೇ ಗೌರವ್ವನವರ ಕಬ್ಬಿನ ಹೊಲ, ಹೊಲದ ಮೂಲೆಯಲ್ಲಿ ಹೊಂಡ. ನನ್ನ ಮನೆಗೂ ಅವರ ಮಗ್ಗದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಹೀಗಾಗಿ ಬೆಳಿಗ್ಗೆ ಅವರ ಮೀನು, ಹಗಲೆಲ್ಲ ಅವರ ಮಗ್ಗ, ಎರಡರಿಂದಲೂ ನನಗೆ ಬಿಡುಗಡೆ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಪಾವರ್‌ಲೂಮ್‌ಗಳನ್ನು ಗೌರವ್ವನವರೇ ನಡೆಸಿದರು. ಗೋಡೆಯಾಚೆಗೆ ಕುಳಿತು ಅಕ್ಕಿ ಆರಿಸುತ್ತಲೇ, ಯಾವ ಮಗ್ಗದ ಸದ್ದು ತಪ್ಪಿತೆಂದು ಕೂಗಿ ಹೇಳುತ್ತಿದ್ದರು. ಅವರಿಗೊಂದು ಚಟವಿತ್ತು. ಯಾರ ಜೊತೆ ಮಾತಾಡುತ್ತಿದ್ದರೂ ಅವರ ಅಂಗಿಯ ತುದಿಯನ್ನೋ ಸೆರಗನ್ನೋ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡುವುದು. ನನ್ನ ಹೊಸ ಅಂಗಿಯನ್ನು ಹೀಗೆ ಉಜ್ಜಿ, "ಮಾಸ್ತರ, ನಿಮಗ ಮೋಸ ಆಗೇತಿ. ಇದು ಎರಡ ಸಲ ಒಗದ್ರ ಸೋರೂ ಅರಿವಿ" ಎಂದಿದ್ದರು. ಖರೆಯಾಯಿತು.

ಮೀನಿನ ಉಸಾಬರಿ ಅವರಿಗೆ ಅಂಟಿಕೊಂಡದ್ದು ಸಿಟ್ಟಿನಿಂದ. ಕಬ್ಬಿಗೆಂದು ತೋಡಿಸಿದ ಹೊಂಡದಲ್ಲಿ ನೀರು ನಿಂತಿತ್ತು. ಯಾರೋ ಮೀನು ಬಿಡಿರೆಂದರು. ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಆಣೆಕಟ್ಟಿನ ಕಡೆಯಿಂದ ತರಿಸಿದರೆ, ಬಿಸಿಲಿಗೆ ದಾರಿಯಲ್ಲೇ ಅರ್ಧ ಸತ್ತವು. ಗೌರವ್ವ ಅಷ್ಟಕ್ಕೆ ಬಿಡಲಿಲ್ಲ. ಬೀಳಗಿ ಕಡೆ ಹಿನ್ನೀರಿನ ಹತ್ತಿರ ನಡೆದ ತರಬೇತಿಗೆ ಹೋಗಿ, ಗಂಡಸರ ನಡುವೆ ಒಬ್ಬರೇ ಕುಳಿತು, ತತ್ತಿ ಬಿಡಲೆಂದು ಮೀನಿಗೆ ಸೂಜಿಮದ್ದು ಹಾಕುವುದನ್ನು ಕಲಿತು ಬಂದರು.

ಓಣಿಯ ಹಿರಿಯರು ಕೇಳಲು ಬಂದರು. ತತ್ತಿಯನ್ನೂ ಮುಟ್ಟದ ಮನೆತನ, ಮೀನು ಸಾಕುವುದೆಂದರೇನು ಎಂಬುದು ಅವರ ಪ್ರಶ್ನೆ. ಗೌರವ್ವ ಅವರಿಗೆ ಚಹಾ ಕೊಟ್ಟು ಕೇಳಿದರು: "ನಾ ಸೀರಿ ನೇಯಸತೇನಿ. ನೇಯಿಸಿದ ಸೀರಿ ಎಲ್ಲಾ ನಾನ ಉಡತೇನೇನ್ರಿ?" ಹಿರಿಯರು ಚಹಾ ಕುಡಿದು ಎದ್ದು ಹೋದರು.

ಮೀನುಗಳ ಸಂಸಾರದ ಬಗ್ಗೆ ನನಗೆ ಪಾಠವಾದದ್ದು ಆ ಹೊಂಡದ ದಂಡೆಯಲ್ಲಿ. ರೋಹು, ಕಾಟ್ಲಾ ಜಾತಿಯವು ನಿಂತ ನೀರಿನಲ್ಲಿ ತಾವಾಗಿ ತತ್ತಿ ಬಿಡುವುದಿಲ್ಲವಂತೆ. ಹೊಳೆಗೆ ಹೊಸ ನೀರು ಬಂದಾಗ, ಆ ಹರಿವಿನಲ್ಲಿ ಬಿಡುತ್ತವೆ. ಹೊಂಡದಲ್ಲಿ ಬೇಕೆಂದರೆ ಸಂಜೆ ಸೂಜಿ ಹಾಕಿ, ಹೊಸ ನೀರು ಬಂತೆಂದು ನಂಬಿಸಬೇಕು. ಗೌರವ್ವ ಇದನ್ನು ಓಣಿಯ ಹೆಂಗಸರಿಗೆ, ಮಗ್ಗದವರಿಗೆ, ನನಗೆ, ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದರು.

"ಮುಟ್ಟೂದಿಲ್ಲ, ಕೂಡೂದಿಲ್ಲರಿ ಮಾಸ್ತರ. ಆಕಿ ನೀರಾಗ ತತ್ತಿ ಚೆಲ್ಲತಾಳ, ಅಂವ ಬೆನ್ನ ಹತ್ತಿ ಬಂದು ಅದರ ಮ್ಯಾಲ ಹಾಲ ಬಿಡತಾನ. ಎರಡೂ ನೀರಾಗ ಕೂಡತಾವ. ಬಸರು ನೀರಿಗಿ. ತಡಾ ಆತೋ, ತತ್ತಿ ಬಾಯಿ ಮುಚ್ಚಿಕೊಂಡ ಬಿಡತೈತಿ. ಆಮ್ಯಾಲ ಹಾಲಿನ ಹೊಳಿ ಹರಸಿದ್ರೂ ಇಲ್ಲ."

ನಾನು ಕಬ್ಬಿನ ಕಡೆ ನೋಡುತ್ತ ನಿಂತಿದ್ದೆ. ಅವರು ಮುಂದುವರಿಸಿದರು: "ಮತ್ತ ಒಂದ ಹೆಣ್ಣಿಗಿ ಎರಡ ಗಂಡ ಬಿಡಬೇಕು. ಒಬ್ಬಂವನ ಮ್ಯಾಲ ಭರೋಸಾ ಇಡೂಹಂಗಿಲ್ಲ."

ಅಂದು ನಾನು ಹೊಳೆಯ ತನಕ ಹೋಗಲಿಲ್ಲ. ಅಲ್ಲಿಂದಲೇ ತಿರುಗಿ ಮನೆಗೆ ಬಂದೆ.

ಇನ್ನು ಅವರ ಮನೆಯ ವಿಷಯ. ಒಬ್ಬನೇ ಮಗ, ಮಲ್ಲಿಕಾರ್ಜುನ. ನನ್ನ ಕೈಯಲ್ಲಿ ಕವಾಯತು ಕಲಿತವನು, ಮಾತು ಕಡಿಮೆ. ಅವನ ಹೆಂಡತಿ ಭಾರತಿ ಬೀಳಗಿಯವಳು. ಮದುವೆಯಾಗಿ ವರ್ಷಗಳು ಕಳೆದಿದ್ದವು, ಮಕ್ಕಳಿರಲಿಲ್ಲ. ಭಾರತಿಯನ್ನು ಬಾಗಲಕೋಟೆಗೆ, ವಿಜಯಪುರಕ್ಕೆ, ಮಿರಜಿಗೆ ಕರೆದೊಯ್ದು ತೋರಿಸಿದ್ದರು. ವೈದ್ಯರು ಆಕೆಯಲ್ಲಿ ಏನೂ ದೋಷವಿಲ್ಲವೆಂದಷ್ಟೂ, ಮನೆಯವರು ಇನ್ನೊಬ್ಬ ವೈದ್ಯರನ್ನು ಹುಡುಕುತ್ತಿದ್ದರು. ಗೌರವ್ವನವರ ನಾದಿನಿ ಶಿವಲಿಂಗವ್ವ ಮುಧೋಳದಲ್ಲಿರುತ್ತಿದ್ದಳು. ಆಕೆ ತನ್ನ ಕಡೆಯ ಒಂದು ಹುಡುಗಿಯನ್ನು ನೋಡಿಟ್ಟಿದ್ದಳು. ಭಾರತಿಗೆ ಸೋಡಚೀಟಿ ಕೊಟ್ಟು, ಮದುವೆ ಮುರಿದು ಕಳಿಸಿದರೆ, ಮಲ್ಲುವಿಗೆ ಆ ಹುಡುಗಿ ಎಂಬುದು ಅವಳ ಲೆಕ್ಕ. ಗೌರವ್ವ ಹೂಂ ಎಂದಿರಲಿಲ್ಲ. ಬೇಡವೆಂದೂ ಅಂದಿರಲಿಲ್ಲ. "ಈ ಮಳಿಗಾಲ ಕಳೀಲಿ" ಎಂದಿದ್ದರು. ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಭಾರತಿ ಕೇಳಿಸಿಕೊಂಡಿದ್ದಳು. ಓಣಿಗೆಲ್ಲ ಗೊತ್ತಿತ್ತು.

ಆ ಮಳೆಗಾಲದಲ್ಲೇ ಹೊಂಡದಲ್ಲಿ ಮೊದಲ ಸಲ ತತ್ತಿ ಬಿಡಿಸುವ ಕೆಲಸ ನಡೆಯಿತು. ಇದಕ್ಕೆ ನೀರಿನಲ್ಲಿ ಬಿದಿರುಗೂಟ ನೆಟ್ಟು ತೊಟ್ಟಿಲ ಹಾಗೆ ಬಟ್ಟೆ ಕಟ್ಟುತ್ತಾರೆ, ಅದಕ್ಕೆ ಹಾಪಾ ಎನ್ನುತ್ತಾರೆ. ತಾಯಿ ಮೀನು ತತ್ತಿ ಬಿಡುವುದು ಬಲೆಯಂಥ ಒಂದು ಹಾಪಾದಲ್ಲಿ. ಬೆಳಿಗ್ಗೆ ಆ ತತ್ತಿಗಳನ್ನು ಬೊಗಸೆಯಲ್ಲಿ ಎತ್ತಿ ಇನ್ನೊಂದಕ್ಕೆ ಹಾಕಬೇಕು, ಮರಿಯಾಗುವುದು ಅಲ್ಲಿ. ಈ ಎರಡನೆಯದಕ್ಕೆ ಮಂಜರಪಾಟ ಎಂಬ ಸಾದಾ ಹತ್ತಿ ಬಟ್ಟೆ ಬೇಕು. ಬನಹಟ್ಟಿಯಲ್ಲಿ ಬಟ್ಟೆಗೇನು ಬರ. ಆದರೆ ಗೌರವ್ವ ಪಟ್ಟು ಹಿಡಿದರು. ಹೊಟ್ಟೆ ತುಂಬಿದವಳಿಗೆ ಏಳು ತಿಂಗಳಿಗೆ ಕುಬಸ ಮಾಡುವಾಗ ನೀರು ಕಾಣದ ಕೋರಾ ಬಟ್ಟೆಯನ್ನೇ ಕೊಡುವುದು ಅವರ ಮನೆಯ ಪದ್ಧತಿ. ಒಗೆದದ್ದು ಅಪಶಕುನ. "ಮೀನ ಆದ್ರೇನು, ಬಸರಿ ಬಸರೀನ" ಎಂದು ತಮ್ಮ ಮಗ್ಗದಿಂದಲೇ ಬಟ್ಟೆ ಇಳಿಸಿ, ಒಗೆಯಗೊಡದೆ, ನಾಲ್ಕು ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಭಾರತಿಯ ಕೈಯಿಂದ ಹೊಲಿಸಿದರು. ಬಿದಿರಿಗೆ ಹಸಿರು ಬಳೆ ಏರಿಸಿದರು. ಓಣಿಯ ಹೆಂಗಸರು ಬಂದು ನಕ್ಕು, ನಗುತ್ತಲೇ ಸೋಬಾನೆಯನ್ನೂ ಹಾಡಿದರು.

ಅಂದು ಸಂಜೆ ಸೂಜಿ ಹಾಕಿ ಮೀನು ಬಿಟ್ಟರು. ಮರುದಿನ ಬೆಳಿಗ್ಗೆ ನಾನು ಹೋದಾಗ ತತ್ತಿಗಳಿದ್ದವು. ನೀರು ಕುಡಿದು ಉಬ್ಬಿದ ಸಾಬೂದಾನಿಯಂತೆ, ಆಚೆಯ ಬೆರಳು ಕಾಣುವಷ್ಟು ತಿಳಿ. ಗಂಡಿನ ಹಾಲು ಮುಟ್ಟದಿದ್ದ ಕೆಲವು ಆಗಲೇ ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಭಾರತಿ ಸೊಂಟದ ತನಕ ನೀರಿಗಿಳಿದು, ಬೆಳ್ಳಗಿದ್ದವನ್ನು ಬಿಟ್ಟು, ತಿಳಿಯವನ್ನು ಬೊಗಸೆ ಬೊಗಸೆಯಾಗಿ ಎತ್ತಿ ಹೊಸ ಬಟ್ಟೆಗೆ ಹಾಕಿದಳು. ಆಕೆ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

ಮಾರನೆಯ ದಿನದ ಹೊತ್ತಿಗೆ ಅಷ್ಟೂ ಸತ್ತಿದ್ದವು. ಬಟ್ಟೆಯೊಳಗೆ ಮಜ್ಜಿಗೆಯಂಥ ನೀರು, ಅದರ ತುಂಬ ಬಿಳಿ ಗುಳ್ಳೆ. ಹುಳಿ ನಾತ. ಶಿವಲಿಂಗವ್ವ ಮುಧೋಳದಿಂದ ಅದೇ ದಿನ ಬಂದಿದ್ದಳು. ಮೂಗಿಗೆ ಸೆರಗು ಹಿಡಿದು ದಂಡೆಯಲ್ಲಿ ನಿಂತಳು. ಭಾರತಿ ನೀರಿನಲ್ಲಿ, ಹಾಪಾದ ಪಕ್ಕದಲ್ಲಿದ್ದಳು. ಮಗ್ಗದವರು ಇದ್ದರು, ಸೋಬಾನೆ ಹಾಡಿದ ಹೆಂಗಸರು ಇದ್ದರು, ನಾನೂ ಇದ್ದೆ.

"ಬಂಜಿ ಕೈಲೆ ಮುಟ್ಟಿಸಿ ಮತ್ತೇನ ಆಗತೈತ್ಯವ್ವಾ ಗೌರಿ," ಎಂದಳು. "ಮನಷ್ಯಾರಿಗಿ ಒಂದ, ಮೀನಿಗಿ ಒಂದೇನು?"

ಗೌರವ್ವ ತಿರುಗಿ ಬೈಯುತ್ತಾರೆಂದು ನಾನು ಕಾದೆ. ಅವರು ಒಂದು ಕ್ಷಣ ಆ ಬಿಳಿ ನೀರನ್ನು ನೋಡಿದರು. ಆಮೇಲೆ ಸೊಸೆಯ ಕಡೆ ನೋಡದೆ, "ಭಾರತಿ, ನೀ ಮ್ಯಾಲ ಬಾ. ಇನ್ನ ಹೊಂಡದ ಕಡಿ ಬರಬ್ಯಾಡ" ಎಂದರು.

ಮೀನಿನ ಹೊಟ್ಟೆ ಹಿಂಡಿ ತೋರಿಸುವ, ಯಾರಿಗೂ ಹೆದರದ ಗೌರವ್ವನವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಭಾರತಿ ನೀರಿನಿಂದ ಮೇಲೆ ಬಂದಳು. ಒದ್ದೆ ಸೀರೆಯಲ್ಲೇ ಮನೆಗೆ ನಡೆದಳು. ಮಧ್ಯಾಹ್ನ ಬೀಳಗಿಯ ಬಸ್ಸು ಹತ್ತಿದಳೆಂದು ಕೇಳಿದೆ. ಮಲ್ಲು ಶೆಡ್ಡಿನಲ್ಲಿದ್ದ, ಮಗ್ಗ ಓಡಿಸುತ್ತಿದ್ದ.

ಎರಡು ದಿನ ಗೋಡೆಯಾಚೆಯಿಂದ ಗೌರವ್ವನವರ ದನಿ ಬರಲಿಲ್ಲ. ಮೂರನೆಯ ದಿನ ನಾನು ಹೊಂಡದ ದಾರಿಯಲ್ಲಿ ಹೋಗುವಾಗ ಅವರು ಒಬ್ಬರೇ ಇದ್ದರು. ಹಾಪಾ ಬಿಚ್ಚಿ ದಂಡೆಗೆ ಎಳೆದಿದ್ದರು. ಬಿದಿರಿನ ಒಂದು ತುದಿ ಹಿಡಿದೆತ್ತಲು ನನಗೆ ಹೇಳಿದರು. ಎತ್ತಿದೆ. ಬಟ್ಟೆಯಲ್ಲಿ ನಿಂತಿದ್ದ ನೀರು ಸೋರಲಿಲ್ಲ. ತುಂಬಿದ ಚರ್ಮದ ಚೀಲದಂತೆ ತೂಗಿತು. ಗೌರವ್ವ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರು. ಲೋಳೆ ಬಂತು.

"ಗಂಜಿ," ಎಂದರು.

ಹಾಸಿನ ನೂಲಿಗೆ ಗಂಜಿ ಹಾಕಿ ಮಗ್ಗಕ್ಕೇರಿಸುವುದು ನಮ್ಮೂರಲ್ಲಿ ಕೂಸಿಗೂ ಗೊತ್ತು. ಒಗೆಯದ ಬಟ್ಟೆಯಲ್ಲಿ ಅದು ಉಳಿದೇ ಇರುತ್ತದೆ. ಆ ಗಂಜಿ ನೀರಲ್ಲಿ ನೆನೆದು, ನೇಯ್ಗೆಯ ಕಣ್ಣುಗಳನ್ನೆಲ್ಲ ಮುಚ್ಚಿ, ಹೊಸ ನೀರು ಒಳಗೆ ಬಾರದಂತೆ ಮಾಡಿ, ತಾನೂ ಕೊಳೆತಿತ್ತು. ಒಳಗೆ ಜೀವ ಹಿಡಿದಿದ್ದ ತತ್ತಿಗಳು ಉಸಿರು ಕಟ್ಟಿ ಸತ್ತಿದ್ದವು. ಶುಭವೆಂದು ಕೊಟ್ಟ ಕೋರಾ ಬಟ್ಟೆಯೇ ಕೊಂದಿತ್ತು.

ಗೌರವ್ವ ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟರು. "ಆಕಿ ಎತ್ತಿ ಹಾಕಿದ ಮುಂಜಾನಿ ಎಲ್ಲಾ ತಿಳೀ ಇದ್ದುವಲ್ರೀ ಮಾಸ್ತರ. ಕೈ ಕೆಟ್ಟದ್ದಾಗಿದ್ರ ಆಗ ಯಾಕ ತಿಳೀ ಇದ್ದೂವು? ಇಷ್ಟ ತಿಳೀಲಿಲ್ಲಲಾ ನನಗ."

ಅಂದೇ ಬಾಡಿಗೆ ಕಾರು ಮಾಡಿ ಬೀಳಗಿಗೆ ಹೊರಟರು. ನನ್ನನ್ನೂ ಕರೆದರು. "ನೀವು ಇದ್ರ ನಾ ಸ್ವಲ್ಪ ಕಡಿಮಿ ಮಾತಾಡತೇನಿ" ಎಂದರು. ಭಾರತಿಯ ತಂದೆ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ಗೌರವ್ವ ನೀರು ಕುಡಿಯುವ ಮೊದಲೇ ತಪ್ಪು ತಮ್ಮ ಬಟ್ಟೆಯದು, ಸೊಸೆಯ ಕೈಯದಲ್ಲ ಎಂದು ಬೀಗರಿಗೆ ಹೇಳಿದರು. ಮನೆಗೆ ಬಾ ಎಂದು ಭಾರತಿಯನ್ನು ಕರೆದರು. ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ನಾನು ಚಪ್ಪಲಿ ಹುಡುಕುತ್ತಿದ್ದೆ.

ಭಾರತಿ ಬಾಗಿಲು ಬಿಟ್ಟು ಹೊರಗೆ ಬಂದು ನಿಂತಳು. ದನಿ ಏರಿಸಲಿಲ್ಲ.

"ಅತ್ತೀ, ಹೊಂಡದಾಗ ಜೋಡಿ ಬಿಡೂ ಮುಂದ ನೀವು ಮೊದಲ ಗಂಡಿನ್ನ ಹಿಂಡಿ ನೋಡತೀರಿ. ಮನ್ಯಾಗ ಇಷ್ಟ ವರ್ಷ ಹೆಣ್ಣನ್ನ ಅಷ್ಟ ನೋಡಿಸಿದ್ರಿ. ಅವರ್ನೂ ಒಮ್ಮೆ ತೋರಸ್ರಿ. ಆಮ್ಯಾಲ ನಾ ಬರತೇನಿ, ಇಲ್ಲಾ ಸೋಡಚೀಟಿಗಿ ಸಹಿ ಮಾಡತೇನಿ."

ಆಕೆಯ ತಂದೆ ತಲೆ ತಗ್ಗಿಸಿದರು. ನನ್ನ ಕಿವಿ ಬಿಸಿಯಾಯಿತು. ಎಂಥ ಮಾತು, ಹೆತ್ತ ತಂದೆಯ ಮುಂದೆ, ಅತ್ತೆಯ ಮುಂದೆ, ಪರ ಗಂಡಸಿನ ಮುಂದೆ. ಜಮಖಂಡಿ ದಾಟಿ ಬನಹಟ್ಟಿ ಮುಟ್ಟುವ ತನಕ ಗೌರವ್ವ ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಅವರು ಶೆಡ್ಡಿಗೆ ಬಂದು ನನ್ನನ್ನೂ ಗೋಡೆಯಾಚೆಯಿಂದ ಕರೆದರು. ಶಿವಲಿಂಗವ್ವ ಇನ್ನೂ ಅಲ್ಲೇ ಇದ್ದಳು, ಹುಡುಗಿಯ ಮನೆಯವರಿಗೆ ಫೋನು ಹಚ್ಚುತ್ತಿದ್ದಳು. ಗೌರವ್ವ ಮೇನ್ ಸ್ವಿಚ್ ಕೆಳಗೆ ಎಳೆದರು. ಮಗ್ಗಗಳು ಒಂದೊಂದಾಗಿ ನಿಂತವು. ನೇಯುವವರೆಲ್ಲ ಕರೆಂಟು ಹೋಯಿತೆಂದು ತಲೆ ಎತ್ತಿದರು.

"ಮಲ್ಲೂ, ಬಂಜಿತನ ಭಾರತೀದಂತ ಎಲ್ಲಾರೂ ಅಂದ್ವಿ. ನಿಂದ ಹೌದೋ ಅಲ್ಲೋ ಯಾರೂ ನೋಡಿಲ್ಲ. ಇವತ್ತ ಜಮಖಂಡಿ ದವಾಖಾನಿಗಿ ನಡಿ. ತಪಾಸ ಮಾಡಸು. ಏನ ಬರತೈತಿ ಅದನ್ನ ಇಲ್ಲೇ ಬಂದ ಹೇಳೂದು."

ನಾನು ಮಕ್ಕಳ ಸಾಲಿನ ಮುಂದೆ ಎಷ್ಟೋ ಜನರಿಗೆ ಶಿಕ್ಷೆ ಕೊಟ್ಟವನು. ಹಾಗೆ ಒಬ್ಬ ಗಂಡಸಿನ ಮುಖದಿಂದ ರಕ್ತ ಇಳಿದದ್ದನ್ನು ಎಂದೂ ನೋಡಿರಲಿಲ್ಲ. ಶಿವಲಿಂಗವ್ವ, "ನಿನಗೇನ ಹುಚ್ಚ ಹಿಡದೈತೇನ, ಹೆತ್ತ ಮಗಗ" ಎಂದಳು. ಗೌರವ್ವ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಮಲ್ಲು ಕೊನೆಗೆ ಎದ್ದು, ಯಾರನ್ನೂ ನೋಡದೆ, ಗಾಡಿ ಚಾಲೂ ಮಾಡಿಕೊಂಡು ಹೋದ.

ದೋಷ ಅವನಲ್ಲೇ ಇತ್ತು. ಚಿಕಿತ್ಸೆಯಿಂದ ಹೆಚ್ಚು ಆಸೆ ಇಲ್ಲವೆಂದು ವೈದ್ಯರು ಹೇಳಿದರು. ಗೌರವ್ವ ಹೇಳಿದ ಹಾಗೆಯೇ ಮಾಡಿದರು. ಮಗ್ಗ ನಿಲ್ಲಿಸಿ, ಅಷ್ಟೇ ಜನರ ಮುಂದೆ, ಅದನ್ನು ಹೇಳಿ, ಭಾರತಿಯನ್ನು ಕರೆತರಲು ಬೀಳಗಿಗೆ ಹೋದರು. ಮುಧೋಳದ ಹುಡುಗಿಯ ಮಾತು ಅಲ್ಲಿಗೆ ಮುಗಿಯಿತು. ಭಾರತಿ ಬಂದಳು. ಮಲ್ಲು ಹೆಂಡತಿಯ ಜೊತೆ ಮಾತಾಡಿದ. ತಾಯಿಯ ಜೊತೆ ಮಾತು ಬಿಟ್ಟ.

ಒಂದೇ ಮನೆ, ಒಂದೇ ಶೆಡ್ಡು. ಊಟ ಅದೇ ಅಡುಗೆಮನೆಯಲ್ಲಿ. ತಾಯಿಗೆ ಹೇಳಬೇಕಾದದ್ದನ್ನು ಭಾರತಿಗೆ ಹೇಳುತ್ತಿದ್ದ. ಗೌರವ್ವನವರೂ ಹಾಗೆಯೇ. ಬಟ್ಟೆ ಒಗೆದು, ಕುದಿಸಿ, ಮತ್ತೆ ಒಗೆದು ಕಟ್ಟಿದ ಹಾಪಾದಲ್ಲಿ ಮರಿಗಳಾದವು. ಸೂಜಿಯಂಥ ಮರಿಗಳು, ಲೆಕ್ಕವಿಲ್ಲದಷ್ಟು. ತತ್ತಿ ಎತ್ತಿ ಹಾಕಿದ್ದು ಭಾರತಿಯೇ. ಜಮಖಂಡಿ, ಬೀಳಗಿ ಕಡೆಯ ಹೊಂಡದವರು ಬಂದು ಒಯ್ಯತೊಡಗಿದರು. ಗೌರವ್ವ ದಂಡೆಯಲ್ಲಿ ನಿಂತು ಜನರಿಗೆ ಅದೇ ಪಾಠ ಹೇಳುತ್ತಿದ್ದರು. ಮಗ ಚೀಲಕ್ಕೆ ಮರಿ ತುಂಬಲು ಬಂದರೆ ಮಾತ್ರ ಸುಮ್ಮನಾಗುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಹೋದ ಚಳಿಗಾಲದಲ್ಲಿ ಗೌರವ್ವ ಹಾಸಿಗೆ ಹಿಡಿದರು. ಕೊನೆಯ ಸಲ ನಾನು ನೋಡಲು ಹೋದಾಗ ಭಾರತಿ ನುಚ್ಚು ಕಲಸಿ ತಿನ್ನಿಸುತ್ತಿದ್ದಳು. ಮಲ್ಲು ಬಾಗಿಲಲ್ಲಿ ನಿಂತು, ಅವ್ವಗೆ ಗುಳಿಗೆ ಕೊಟ್ಟೆಯೇನು ಎಂದು ಹೆಂಡತಿಯನ್ನು ಕೇಳಿ ಹೋದ. ಅವನು ಹೋದ ಮೇಲೆ ಗೌರವ್ವ ನನ್ನ ತೋಳನ್ನು ಹಿಡಿದರು. ಇಷ್ಟು ವರ್ಷ ನನ್ನೊಳಗೆ ಇದ್ದದ್ದನ್ನು ನಾನು ಅಂದು ಕೇಳಿಬಿಟ್ಟೆ. ಒಳಗೆ ಕರೆದು ಹೇಳಬಹುದಿತ್ತಲ್ಲ, ಅಷ್ಟು ಜನರ ಮುಂದೆ ಯಾಕೆ ಎಂದೆ.

ಅವರಿಗೆ ಉಸಿರು ಸಾಲುತ್ತಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಹೇಳಿದರು.

"ಹೇಳಬಹುದಿತ್ತರೀ ಮಾಸ್ತರ. ನನ್ನ ಮಗ, ನನಗೂ ಕರುಳೈತಿ. ಆದ್ರ ಆಕಿಗಿ ಬಂಜಿ ಅಂದದ್ದು ಎಲ್ಲಾರ ಮುಂದ. ಇಂವನ್ನ ಒಳಗ ಕರದ ಹೇಳಿದ್ರ, ಆ ಮಾತು ಎಲ್ಲಾರ ಬಾಯಾಗ ಹಂಗ ಉಳೀತಿತ್ತು."

ನಾಲ್ಕು ದಿನಕ್ಕೆ ಹೋದರು. ಬೆಳಿಗ್ಗೆ ಗೋಡೆಯಾಚೆ ಮಗ್ಗ ಶುರುವಾಗಲಿಲ್ಲ, ನನಗೆ ತಿಳಿಯಿತು. ನಾನು ಹೋದಾಗ ಮೈ ತೊಳೆಯಲು ಅಂಗಳದಲ್ಲಿ ಕೂಡಿಸಿದ್ದರು. ಮೊದಲ ನೀರು ಸೊಸೆ ಹಾಕಬೇಕು. ಭಾರತಿ ಮುಂದೆ ಬಂದಳು. ಶಿವಲಿಂಗವ್ವ ನೀರಿನ ಚರಿಗೆಯನ್ನು ಎದೆಗೆ ಹಿಡಿದುಕೊಂಡು, ಮಕ್ಕಳಿಲ್ಲದವಳು ಮೊದಲು ಹಾಕಬಾರದು, ಹಡೆದವಳು ಯಾರಾದರೂ ಬರಲಿ ಎಂದಳು. ಓಣಿಯೆಲ್ಲ ಅಲ್ಲಿತ್ತು. ಮಗ್ಗದವರಿದ್ದರು, ಬೀಳಗಿಯ ಬೀಗರಿದ್ದರು.

ಮಲ್ಲು ಗೋಡೆಗೆ ಆತು ಕುಳಿತಿದ್ದವನು ಎದ್ದ.

"ಕೊಡ ಅತ್ತಿ ಆಕಿಗಿ," ಎಂದ. "ಕಡಿಮಿ ಆಕೀದಲ್ಲ, ನಂದು. ನಮ್ಮವ್ವ ಹೇಳ್ಯಾಳ ನಿಮಗೆಲ್ಲಾ."

ನಾನು ಅವನ ಮುಖ ನೋಡಲಾರದೆ ನೆಲ ನೋಡಿದೆ. ಚರಿಗೆಯಿಂದ ನೀರು ಬಿದ್ದ ಸದ್ದು ಕೇಳಿ ತಲೆ ಎತ್ತಿದೆ. ಹಾಕುತ್ತಿದ್ದವಳು ಭಾರತಿ.